ಮನಸ್ಸಿನಲ್ಲಿ ನಿಂತ ಹೆಣ್ಣು: ಊರಿನ ಹೆಂಗಸರ ಕೂಟವೊಂದನ್ನು ನಡೆಸುವ ಬಗೆ

ತೀರ್ಥಹಳ್ಳಿ ಸೀಮೆಯ ನಮ್ಮ ಊರಿನಲ್ಲಿ ಸ್ವಸಹಾಯ ಸಂಘದ ಹೆಂಗಸರು ತಿಂಗಳ ಎರಡನೇ ಭಾನುವಾರ ಒಂದೆಡೆ ಸೇರುತ್ತೇವೆ. ಉಳಿತಾಯದ ಹಣ ಕಟ್ಟಿ, ಸಾಲದ ಕಂತು ಎಣಿಸಿ, ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಬಿದ್ದ ಮೇಲೆ ಒಂದೂವರೆ ಗಂಟೆ ಉಳಿಯುತ್ತದೆ. ಆ ಹೊತ್ತಿನಲ್ಲಿ ತಾವು ಮೆಚ್ಚಿದ ಹೆಣ್ಣೊಬ್ಬಳ ವಿಷಯವನ್ನು, ಅವಳು ಇತಿಹಾಸದವಳಾಗಲಿ ಕಥೆಯವಳಾಗಲಿ, ಒಬ್ಬರಾದ ಮೇಲೆ ಒಬ್ಬರು ಹೇಳುವ ಪದ್ಧತಿಯನ್ನು ಆರು ವರ್ಷದಿಂದ ನಡೆಸಿಕೊಂಡು ಬಂದಿದ್ದೇವೆ. ಹೊಸನಗರ, ಸಾಗರದ ಕಡೆಯ ಸಂಘದವರು ಇದನ್ನು ಹೇಗೆ ನಡೆಸುತ್ತೀರಿ ಎಂದು ಕೇಳುತ್ತಲೇ ಇರುವುದರಿಂದ, ನಾವು ಕಲಿತದ್ದನ್ನೂ ಎಡವಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಎಡವಿದ್ದನ್ನೇ ಮೊದಲು ಹೇಳುವುದು ಒಳ್ಳೆಯದು. ಮೊದಲನೆಯ ಕೂಟಕ್ಕೆ ಹದಿನಾಲ್ಕು ಜನ ಬಂದಿದ್ದರು. ಆರು ಜನ ಕಿತ್ತೂರು ಚೆನ್ನಮ್ಮ ಎಂದರು, ಐದು ಜನ ನಮ್ಮಮ್ಮ ಎಂದರು, ಇಬ್ಬರು ಸೆರಗು ಬಾಯಿಗಿಟ್ಟು ನಕ್ಕು ಸುಮ್ಮನಾದರು, ಉಳಿದ ಒಬ್ಬರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಭಾಷಣವನ್ನು "ವೇದಿಕೆಯ ಮೇಲೆ ಆಸೀನರಾಗಿರುವ" ಎಂಬಲ್ಲಿಂದ ಶುರುಮಾಡಿ ಒಪ್ಪಿಸಿದರು. ವೇದಿಕೆ ಇರಲಿಲ್ಲ, ಅಂಗನವಾಡಿಯ ಚಾಪೆಯ ಮೇಲೆ ಕೂತಿದ್ದೆವು. ಇಪ್ಪತ್ತೈದು ನಿಮಿಷಕ್ಕೆ ಎಲ್ಲ ಮುಗಿದು, ಮಾಡಿಟ್ಟ ಕಷಾಯವೂ ಇನ್ನೂ ಕುದಿಯುತ್ತಲೇ ಇತ್ತು.

ಪ್ರಶ್ನೆಯ ಮಾತು

ತಪ್ಪು ಬಂದವರದಲ್ಲ, ಕೇಳಿದ ನನ್ನದು ಎಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. "ನಿಮ್ಮ ಮೆಚ್ಚಿನ ನಾಯಕಿ ಯಾರು" ಎಂದು ಕೇಳಿದ್ದೆ. ನಾಯಕಿ ಎಂಬ ಮಾತು ನಮ್ಮ ಕಿವಿಗೆ ಬಿದ್ದೊಡನೆ ಸಿನಿಮಾ ನಟಿಯೋ ಪಕ್ಷದ ಮುಖಂಡರೋ ಕಣ್ಣ ಮುಂದೆ ಬರುತ್ತಾರೆ. "ವೀರವನಿತೆ" ಎಂದರೆ ಕತ್ತಿ ಹಿಡಿದವಳೇ ಆಗಬೇಕೆಂದು ಜನ ತಿಳಿಯುತ್ತಾರೆ. "ಆದರ್ಶ ಮಹಿಳೆ" ಎಂದರಂತೂ ಎಲ್ಲರೂ ಏಳನೇ ತರಗತಿಯ ಪ್ರಬಂಧಕ್ಕೆ ಮರಳಿಬಿಡುತ್ತಾರೆ. ಆದ್ದರಿಂದ ಈ ಮೂರು ಮಾತುಗಳನ್ನೂ ಬಿಟ್ಟು, ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಿ. ನಾವು ಈಗ ಕೇಳುವುದು ಹೀಗೆ: "ನಿಮ್ಮ ಮನಸ್ಸಿನಲ್ಲಿ ನಿಂತ ಹೆಣ್ಣು ಯಾರು? ಅವಳು ಏನು ಮಾಡಿದ ಗಳಿಗೆ ನಿಮಗೆ ಮರೆಯದೆ ಉಳಿದಿದೆ?"

ಇದರಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ. ಧೈರ್ಯವಂತೆ, ತ್ಯಾಗಮಯಿ, ಕರುಣಾಮಯಿ ಎಂಬ ಮಾತುಗಳನ್ನು ಯಾರ ಹೆಸರಿಗಾದರೂ ಅಂಟಿಸಬಹುದು. ಒಂದು ಗಳಿಗೆಯನ್ನು ಹೇಳಬೇಕಾದಾಗ ಮಾತ್ರ ಹೇಳುವವಳು ಯೋಚಿಸಬೇಕಾಗುತ್ತದೆ. "ನಮ್ಮಮ್ಮ" ಎನ್ನುವವರನ್ನು ತಡೆಯಬೇಡಿ, ಅಮ್ಮನ ಒಂದೇ ಒಂದು ದಿನವನ್ನು ಹೇಳಲು ಕೇಳಿ. ಹಾಗೆ ಕೇಳಿದಾಗ ನಮ್ಮ ಸಂಘದ ಒಬ್ಬರು, ಸುಗ್ಗಿ ಮುಗಿದ ಮಾರನೆಯ ದಿನ ತಮ್ಮ ತಾಯಿ ಯಾರಿಗೂ ಹೇಳದೆ ತಮ್ಮ ಪಾಲಿನ ಭತ್ತವನ್ನು ಅಳೆಸಿ ಬೇರೆ ಕಣಜಕ್ಕೆ ಹಾಕಿಸಿದ್ದನ್ನು, ಅಂದು ಮನೆಯ ಗಂಡಸರೆಲ್ಲ ಜಗಲಿಯಲ್ಲಿ ಮಾತಿಲ್ಲದೆ ಕೂತಿದ್ದನ್ನು ಹೇಳಿದರು. ಆ ಅಮ್ಮನನ್ನು ನಾವ್ಯಾರೂ ಕಂಡವರಲ್ಲ. ಆದರೂ ಆ ಕಣಜ ನಮ್ಮೆಲ್ಲರ ಕಣ್ಣಿಗೆ ಕಟ್ಟಿದೆ.

ಹೊತ್ತು, ಜಾಗ, ಸಂಖ್ಯೆ

ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಒಂದು ದಿನಕ್ಕೆ ನಾಲ್ಕೋ ಐದೋ ಜನ ಮಾತಾಡಿದರೆ ಸಾಕು. ಮಧ್ಯಾಹ್ನ ಎರಡೂವರೆಗೆ ಶುರುಮಾಡಿ ಹಾಲು ಕರೆಯುವ ಹೊತ್ತಿಗೆ ಮುಂಚೆ ಮುಗಿಸಬೇಕು. ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕರೆಂಟು ಹೋಗಿರುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಹಪ್ಪಳ ಕರಿದಿಟ್ಟರೆ ಯಾರೂ ಏಳುವುದಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಚಪ್ಪರದಲ್ಲೇ ಮಾಡಿದರೆ ಚೆಂದ ಎಂದು ಹಲವರಿಗೆ ಅನಿಸುತ್ತದೆ, ನಮಗೂ ಅನಿಸಿತ್ತು. ಆದರೆ ಸುಲಿಯಲು ಬಂದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಮೆಟ್ಟುಗತ್ತಿಯ ಮುಂದೆ ಕೂತವಳನ್ನು ಮಾತಿಗೆಳೆದರೆ ಅವಳ ದಿನದ ಎರಡು ಡಬ್ಬ ಕಡಿಮೆಯಾಗುತ್ತದೆ. ಸುಲಿಯುವಾಗ ಕಥೆ ತಾನಾಗಿ ಬಂದರೆ ಬರಲಿ. ಕೂಟವನ್ನು ಅಲ್ಲಿಗೆ ಒಯ್ಯಬೇಡಿ.

ಅತ್ತೆ ಸೊಸೆ ಇಬ್ಬರೂ ಒಂದೇ ಸಂಘದಲ್ಲಿದ್ದರೆ ಅವರ ಸರದಿಯನ್ನು ಒಂದೇ ದಿನ ಇಡಬೇಡಿ. ಇದಕ್ಕೆ ಕಾರಣ ಬರೆಯುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ.

ಎಲ್ಲಿಂದ ಹುಡುಕುವುದು

ಓದಿದವರಿಗೆ ಪುಸ್ತಕವಿದೆ, ಓದದವರಿಗೆ ಕೇಳಿದ ಕಥೆಯಿದೆ. ಎರಡೂ ಸಮ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿ. ಆದರೆ ಮಾತಾಡುವವಳು ಒಂದನ್ನು ಮಾತ್ರ ತಪ್ಪದೆ ಹೇಳಬೇಕು: ಈ ಹೆಣ್ಣು ನನಗೆ ಹೇಗೆ ಗೊತ್ತು? ಕಲ್ಲಿನಲ್ಲಿ ಬರೆದಿದೆಯೇ, ಪುಸ್ತಕದಲ್ಲಿ ಓದಿದೆನೇ, ಯಕ್ಷಗಾನದ ಆಟದಲ್ಲಿ ನೋಡಿದೆನೇ, ಅಜ್ಜಿ ಹೇಳಿದ್ದೇ, ನಾನೇ ಕಂಡದ್ದೇ? ಇದನ್ನು ಹೇಳಿಸಿಕೊಂಡ ಮೇಲೆ, ನಿಜವಾಗಿ ಬದುಕಿದ್ದವಳು ಹೆಚ್ಚೋ ಕಥೆಯವಳು ಹೆಚ್ಚೋ ಎಂಬ ಚರ್ಚೆ ನಮ್ಮಲ್ಲಿ ತಾನಾಗಿಯೇ ನಿಂತುಹೋಯಿತು. ಓಬವ್ವನ ಉದಾಹರಣೆ ನೋಡಿ. ಚಿತ್ರದುರ್ಗದ ಕೋಟೆಯಲ್ಲಿ ಅವಳ ಹೆಸರಿನ ಕಿಂಡಿ ಇದೆ, ಹೈದರಾಲಿಯ ಮುತ್ತಿಗೆ ಇತಿಹಾಸದಲ್ಲಿದೆ, ಆದರೆ ಒನಕೆ ಎತ್ತಿದ ಓಬವ್ವ ನಮ್ಮಲ್ಲಿ ಉಳಿದು ಬಂದದ್ದು ಮುಖ್ಯವಾಗಿ ಜನರ ಬಾಯಿಯಿಂದ. ನನ್ನ ವಯಸ್ಸಿನವರು ಕಣ್ಣು ಮುಚ್ಚಿದರೆ ಕಾಣುವುದು 1972ರ ನಾಗರಹಾವು ಚಿತ್ರದ ಜಯಂತಿಯವರ ಮುಖ. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ, "ನಾನು ಕಂಡದ್ದು ಸಿನಿಮಾದಲ್ಲಿ" ಎಂದು ಹೇಳಿದರಾಯಿತು.

ದೂರ ಹೋಗುವ ಮೊದಲು ಜಿಲ್ಲೆಯೊಳಗೆ ಹುಡುಕಿ. ಅಕ್ಕಮಹಾದೇವಿಯ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವಳ ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳಿಲ್ಲ. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಅವನು ಮಾತಿಗೆ ತಪ್ಪಿದಾಗ ಬಿಟ್ಟು ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗುವುದಿಲ್ಲ. ಒಮ್ಮೆ ಇಬ್ಬರು ಅಕ್ಕನನ್ನೇ ಆರಿಸಿಕೊಂಡು ಬಂದು, ಒಬ್ಬರು ಮದುವೆಯಾಗಿ ಬಿಟ್ಟವಳನ್ನೂ ಇನ್ನೊಬ್ಬರು ಆಗದೇ ಹೊರಟವಳನ್ನೂ ಮೆಚ್ಚಿಕೊಂಡಿದ್ದರು. ಅಂದಿನ ಮಾತು ಮುಗಿದಾಗ ಹೊರಗೆ ಕತ್ತಲಾಗಿತ್ತು. ಅದೇ ತಾಲ್ಲೂಕಿನ ಹಿರೇಜಂಬೂರಿನವಳೆಂದು ಹೇಳುವ ಸತ್ಯಕ್ಕನ ವಚನಗಳನ್ನೂ ಓದಿಸಿ. ಶಂಭುಜಕ್ಕೇಶ್ವರ ಎಂಬ ಅಂಕಿತದ ಆ ವಚನಗಳು ಚಿಕ್ಕವು, ಗಟ್ಟಿಯಾಗಿ ಓದಲು ಸುಲಭ.

ಜಕ್ಕಿಯಬ್ಬೆಯನ್ನು ನಾವು ತಡವಾಗಿ ಕಂಡುಕೊಂಡೆವು. ಹತ್ತನೇ ಶತಮಾನದ ಆರಂಭದ ಬಂದಳಿಕೆಯ ಶಾಸನವೊಂದು ಅವಳ ಕಥೆಯನ್ನು ಹೇಳುತ್ತದೆ. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ನಾಗರಖಂಡ ಎಂಬ ಎಪ್ಪತ್ತು ಹಳ್ಳಿಗಳ ನಾಡಿಗೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ಅದನ್ನು ಸಮರ್ಥವಾಗಿ ನಡೆಸಿದಳು. ಕಾಯಿಲೆ ಹಿಡಿದಾಗ ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಈ ಕಥೆಯನ್ನು ಹೇಳಿದವರು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವರು. ಮೀಟಿಂಗಿನ ದಿನ ತಮ್ಮ ಬದಲು ಗಂಡ ಹೋಗಿ ಕೂರುತ್ತಿದ್ದುದನ್ನು ಅವರೇ ನಗುತ್ತ ಹೇಳಿಕೊಂಡು, "ಅವಳೂ ಗಂಡನ ಜಾಗಕ್ಕೆ ಬಂದವಳೇ ಮಾರಾಯ್ತಿ, ಆದರೆ ಎಪ್ಪತ್ತು ಹಳ್ಳಿ ಅವಳೇ ನೋಡಿಕೊಂಡಳಲ್ಲ" ಎಂದರು. ಅವರು ಆರಿಸಿಕೊಂಡ ಗಳಿಗೆ ಯಾವುದೆಂದರೆ, ಅಧಿಕಾರವನ್ನು ಮಗಳ ಕೈಗೆ ಕೊಟ್ಟ ಗಳಿಗೆ. ಬಂದಳಿಕೆಗೆ ಹೋಗುವವರು ಶಿಕಾರಿಪುರದಿಂದ ಸ್ವಂತ ವಾಹನದ ಏರ್ಪಾಟು ಮಾಡಿಕೊಳ್ಳಿ, ಕುಡಿಯುವ ನೀರು ಒಯ್ಯಿರಿ. ಪಾಳುಬಿದ್ದ ಗುಡಿಗಳ ನಡುವೆ ನಿಧಾನವಾಗಿ ನಡೆಯಲು ಅರ್ಧ ದಿನ ಬೇಕು.

ಕೆಳದಿಯ ಚೆನ್ನಮ್ಮನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಿದನೂರಿನಿಂದ ಆಳಿದ ಈ ಚೆನ್ನಮ್ಮ, ಗಂಡ ಸೋಮಶೇಖರ ನಾಯಕನ ಕೊಲೆಯಾದ ಮೇಲೆ ಸುಮಾರು 25 ವರ್ಷ ರಾಜ್ಯವನ್ನು ನಡೆಸಿದವಳು, ಹದಿನೇಳನೇ ಶತಮಾನದವಳು. ಕಿತ್ತೂರಿನ ಚೆನ್ನಮ್ಮ ಬ್ರಿಟಿಷರ ವಿರುದ್ಧ ನಿಂತದ್ದು 1824ರಲ್ಲಿ. ಇಬ್ಬರ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದ್ದರೂ ಹೆಸರು ಒಂದೇ ಆದ್ದರಿಂದ ಕಥೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕೆಳದಿಯ ಚೆನ್ನಮ್ಮನ ಗಳಿಗೆ ಬೇರೆಯೇ ಇದೆ. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ, ಔರಂಗಜೇಬನ ಸಿಟ್ಟು ತನ್ನ ಮೇಲೆ ಬೀಳುವುದೆಂದು ಗೊತ್ತಿದ್ದೂ, ಅವಳು ಆಶ್ರಯ ಕೊಟ್ಟು ದಾಟಿಸಿ ಕಳುಹಿಸಿದಳು. ಮೊಗಲ ಸೈನ್ಯ ಬಂದೇ ಬಂತು, ಅವಳು ಎದುರಿಸಿದಳು. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ರಾಮೇಶ್ವರ ದೇವಸ್ಥಾನವನ್ನೂ ವಸ್ತು ಸಂಗ್ರಹಾಲಯವನ್ನೂ, ಹೊಸನಗರ ತಾಲ್ಲೂಕಿನ ನಗರದಲ್ಲಿ ಬಿದನೂರಿನ ಕೋಟೆಯನ್ನೂ ನೋಡಿ ಬಂದವಳು ಮಾತಾಡುವ ರೀತಿಯೇ ಬೇರೆಯಾಗಿರುತ್ತದೆ.

ಈ ಎಚ್ಚರಿಕೆಯನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಎರಡನೇ ವರ್ಷ ನಮ್ಮ ಪಕ್ಕದ ಮನೆಯಾಕೆ, ಎಂದೂ ಬಾಯಿ ಬಿಡದಿದ್ದವಳು, ಧೈರ್ಯ ಮಾಡಿ ಎದ್ದು ನಿಂತು ಕೆಳದಿಯ ಚೆನ್ನಮ್ಮ ಬ್ರಿಟಿಷರನ್ನು ಹೊಡೆದೋಡಿಸಿದ ಕಥೆಯನ್ನು ಹೇಳತೊಡಗಿದಳು. ನಾನು ನಡುವೆಯೇ ಬಾಯಿ ಹಾಕಿ, ಅದು ಕಿತ್ತೂರು ಎಂದೆ. ಅವಳು ಕೈಯಲ್ಲಿದ್ದ ಚೀಟಿಯನ್ನು ನಾಲ್ಕಾಗಿ ಮಡಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು, ಕೂತುಬಿಟ್ಟಳು. ಮುಂದಿನ ಮೂರು ತಿಂಗಳು ಉಳಿತಾಯದ ಹಣವನ್ನು ಮಗನ ಕೈಯಲ್ಲಿ ಕಳಿಸಿದಳು. ಅಂದಿನಿಂದ ನಮ್ಮಲ್ಲಿ ಮಾತಿನ ನಡುವೆ ಯಾರೂ ತಿದ್ದುವಂತಿಲ್ಲ. ಇಸವಿಯೋ ಊರೋ ತಪ್ಪಿದರೆ, ಕೂಟದ ಮಾತನ್ನು ನೋಟ್ ಪುಸ್ತಕಕ್ಕೆ ಬರೆದುಕೊಳ್ಳುವವಳು ಎಲ್ಲರೂ ಎದ್ದ ಮೇಲೆ ಅವಳೊಬ್ಬಳ ಹತ್ತಿರವೇ ಹೋಗಿ, "ಅಕ್ಕಾ, ಇದನ್ನೊಂದು ಸಲ ಒಟ್ಟಿಗೆ ನೋಡೋಣ" ಎನ್ನುತ್ತಾಳೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಾಮಾನ್ಯವಾಗಿ ಬೇಕಾದ ಪುಸ್ತಕ ಸಿಗುತ್ತದೆ.

ಇತ್ತೀಚಿನವರನ್ನೂ ಮರೆಯಬೇಡಿ. ಅಂಕೋಲಾ ಕಡೆಯ ತುಳಸಿ ಗೌಡರು 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಹೋಗಿ ಪದ್ಮಶ್ರೀ ಪಡೆದ ಚಿತ್ರ ಎಲ್ಲರ ಮೊಬೈಲಿನಲ್ಲೂ ಬಂದಿತ್ತು. ಆದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಪ್ಯಾಕೆಟಿಗೆ ಮಣ್ಣು ತುಂಬಿದ ಅನುಭವವಿದ್ದ ನಮ್ಮವರೊಬ್ಬರು ಆ ಚಿತ್ರವನ್ನು ಬಿಟ್ಟು, ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸಿ ಅದರ ಬೀಜವನ್ನೇ ಆರಿಸುತ್ತಿದ್ದ ತುಳಸಿ ಗೌಡರ ಕಣ್ಣನ್ನು ಮೆಚ್ಚಿದರು. ಕೆಲಸ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಗಳಿಗೆ ಅದು.

ಕಥೆಯ ಹೆಣ್ಣುಗಳು

ಕಾದಂಬರಿಯ ಪಾತ್ರವನ್ನು ಆರಿಸಿಕೊಂಡವರು ಇಡೀ ಕಥೆಯನ್ನು ಹೇಳಲು ಹೊರಟರೆ ಸಂಜೆಯಾಗುತ್ತದೆ. ಎರಡು ನಿಮಿಷದಲ್ಲಿ ಸಂದರ್ಭ ಹೇಳಿ, ನೇರವಾಗಿ ಆ ಗಳಿಗೆಗೆ ಬರಲಿ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು 1967ರಲ್ಲಿ ಬಂದ ಕಾದಂಬರಿ. ಅದರ ಕಾಡು, ಹಾದಿ, ಹೊಳೆಗಳೆಲ್ಲ ನಮ್ಮ ಸುತ್ತಿನವೇ ಆದ್ದರಿಂದ ಇಲ್ಲಿ ಅದನ್ನು ಆರಿಸುವವರು ಹೆಚ್ಚು. ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ರಾತ್ರಿ ಕಾಡಿನ ದಾರಿ ಹಿಡಿದ ಚಿನ್ನಮ್ಮನನ್ನು ಮೂರು ಜನ ಬೇರೆ ಬೇರೆ ವರ್ಷ ಆರಿಸಿದ್ದರು. ನಾಲ್ಕನೆಯ ಬಾರಿ ಆ ಪುಸ್ತಕ ಬಂದಾಗ, ತೋಟದ ಕೆಲಸಕ್ಕೆ ಹೋಗುವ ನಮ್ಮ ಸದಸ್ಯೆಯೊಬ್ಬಳು, ಮಗಳಿಂದ ಓದಿಸಿಕೊಂಡು ಕೇಳಿದವಳು, "ನನಗೆ ಪೀಂಚಲು" ಎಂದಳು. ಚಿನ್ನಮ್ಮ ಒಡೆಯರ ಮನೆಯ ಮಗಳು, ಓಡಿಹೋದರೆ ಹುಡುಕುವವರಿದ್ದರು. ಜೊತೆಗೆ ಹೊರಟ ಕೂಲಿಯಾಳು ಪೀಂಚಲು ಸಿಕ್ಕಿಬಿದ್ದಿದ್ದರೆ ಬೆನ್ನ ಚರ್ಮ ಉಳಿಯುತ್ತಿರಲಿಲ್ಲ ಎಂಬುದು ಅವಳ ವಾದ. ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಪೀಂಚಲುವನ್ನು ಸರಿಯಾಗಿ ನೋಡಿದ್ದು ಅಂದೇ.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಫಣಿಯಮ್ಮನನ್ನು ಯಾವ ಪಟ್ಟಿಗೆ ಸೇರಿಸುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವಳು ಕಾದಂಬರಿಯ ಪಾತ್ರ. ಆದರೆ ಲೇಖಕಿಯ ಸ್ವಂತ ಕುಟುಂಬದ ಹಿರಿಯಳೊಬ್ಬಳ ಬದುಕೇ ಆ ಪಾತ್ರಕ್ಕೆ ಆಧಾರ. ಎರಡೂ ಪಟ್ಟಿಗೆ ಬರೆದುಕೊಳ್ಳಿ. ಎಳವೆಯಲ್ಲೇ ವಿಧವೆಯಾಗಿ ಎಲ್ಲ ಮಡಿ ಕಟ್ಟಳೆಗಳನ್ನೂ ಉಸಿರೆತ್ತದೆ ಪಾಲಿಸಿದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುವ ಗಳಿಗೆ ನಮ್ಮಲ್ಲಿ ಅತಿ ಹೆಚ್ಚು ಬಾರಿ ಬಂದಿದೆ. ಕೆಲವರು ಫಣಿಯಮ್ಮನನ್ನು ಬಿಟ್ಟು ಇಂದಿರಾ ಅವರನ್ನೇ ಆರಿಸುತ್ತಾರೆ. ಮೊದಲ ಕಾದಂಬರಿ ತುಂಗಭದ್ರ ಪ್ರಕಟವಾದಾಗ, 1963ರಲ್ಲಿ, ಅವರಿಗೆ ನಲವತ್ತಾರು ವರ್ಷ ಎಂಬುದನ್ನು ಕೇಳಿದಾಗ ನಲವತ್ತು ದಾಟಿದ ನಮ್ಮ ಸಾಲಿನಲ್ಲಿ ಒಂದು ಸಣ್ಣ ಗುಜುಗುಜು ಎದ್ದಿತ್ತು.

ಯಕ್ಷಗಾನದ ಸೀಮೆಯಲ್ಲಿರುವ ನಮಗೆ ಇನ್ನೊಂದು ದಾರಿಯೂ ಇದೆ. ತಾಳಮದ್ದಲೆಯ ಅರ್ಥಗಾರಿಕೆಯಂತೆ, ಅವಳ ಬಗ್ಗೆ ಹೇಳುವ ಬದಲು ಅವಳಾಗಿ ಮಾತಾಡಿಸಿ. ಭೀಷ್ಮ ವಿಜಯದ ಅಂಬೆಯಾಗಿ ಒಬ್ಬಳು ಕೂರಲಿ, ಭೀಷ್ಮನಾಗಿ ಇನ್ನೊಬ್ಬಳು ಎದುರು ಕೂರಲಿ; ವೇಷ ಬೇಡ, ಪದ್ಯ ಬಂದರೆ ಸರಿ, ಬಾರದಿದ್ದರೂ ಸರಿ. ಐದು ನಿಮಿಷ ಪ್ರಶ್ನೆಗೆ ಪ್ರಶ್ನೆ ನಡೆಯಲಿ. ನಾಚಿಕೆ ಸ್ವಭಾವದವರು "ನಾನು" ಎಂದು ತಮ್ಮ ಹೆಸರಿನಲ್ಲಿ ಹೇಳಲಾರದ್ದನ್ನು ಅಂಬೆಯ ಬಾಯಲ್ಲಿ ಹೇಳಿಬಿಡುತ್ತಾರೆ. ಭೀಷ್ಮನ ಪಾತ್ರಕ್ಕೆ ಮಾತ್ರ ವಾದದಲ್ಲಿ ಸೋಲಲು ಬೇಜಾರಿಲ್ಲದವರನ್ನು ಆರಿಸಿ.

ವಾದ ಎದ್ದಾಗ

ವಾದ ಏಳದಿದ್ದರೆ ಕೂಟ ಭಜನೆಯಾಗುತ್ತದೆ. ನಮ್ಮಲ್ಲಿ ಅತ್ಯಂತ ಬಿಸಿಯಾಗಿ ನಡೆದದ್ದು ಕೆರೆಗೆ ಹಾರವಾದ ಭಾಗೀರಥಿಯ ವಿಷಯ. ನೀರು ಬಾರದ ಕೆರೆಗೆ ಕಿರಿಸೊಸೆಯನ್ನು ಬಲಿ ಕೊಡಲು ಮಾವ ನಿಶ್ಚಯಿಸಿದಾಗ, ಅದು ಗೊತ್ತಿದ್ದೂ ತವರಿನವರಿಗೆ ನಿಜ ಹೇಳದೆ, ಗೆಳತಿಯೊಬ್ಬಳಿಗೆ ಮಾತ್ರ ಹೇಳಿ, ಮರಳಿ ಬಂದವಳು ಅವಳು. ಎಪ್ಪತ್ತು ದಾಟಿದ ಹಿರಿಯಮ್ಮ ಅವಳನ್ನು ಮೆಚ್ಚಿ ಹಾಡಿದರು. ಹಾಡು ಮುಗಿದೊಡನೆ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿ, "ಅಮ್ಮಾ, ಅವಳೇನು ಮಾಡಿದಳು? ಅವಳಿಗೆ ಮಾಡಿದ್ದು ಅವರು" ಎಂದಳು. ಹಿರಿಯಮ್ಮ ಸ್ವಲ್ಪ ಹೊತ್ತು ಎಲೆಯಡಿಕೆ ಅಗಿಯುತ್ತ ಇದ್ದು, "ಹೌದು ಮಗಾ, ಅವಳು ಗೆಳತಿಗೆ ಹೇಳಿದಳಲ್ಲ, ಆ ಗೆಳತಿ ಏನು ಮಾಡಿದಳು ಎಂದು ಕೇಳು" ಎಂದರು. ಆಮೇಲೆ ಅರ್ಧ ಗಂಟೆ ಮಾತೆಲ್ಲ ಗೆಳತಿಯ ಮೇಲೆ ನಡೆಯಿತು. ಆ ಗೆಳತಿಯ ಜಾಗದಲ್ಲಿ ತಾವು ಕೂತಿದ್ದ ದಿನಗಳು ಒಬ್ಬೊಬ್ಬರಿಗೂ ನೆನಪಾದವು. ಇಂಥ ಹೊತ್ತಿನಲ್ಲಿ ನಡೆಸುವವಳು ಯಾರ ಪರವನ್ನೂ ವಹಿಸಬಾರದು, ತೀರ್ಪು ಹೇಳಬಾರದು. ಕಷಾಯ ಬಡಿಸಲು ಎದ್ದರೆ ಸಾಕು.

ಪುಸ್ತಕ ಮತ್ತು ಮೊಬೈಲು

ನೂರು ಹಾಳೆಯ ನೋಟ್ ಪುಸ್ತಕವೊಂದನ್ನು ಇದಕ್ಕೆಂದೇ ಇಡಿ. ಹೇಳಿದವರು, ಯಾರ ಬಗ್ಗೆ, ಯಾವ ಗಳಿಗೆ, ಹೇಗೆ ಗೊತ್ತು ಎಂಬ ನಾಲ್ಕು ಕಾಲಂ ಸಾಕು. ಗಳಿಗೆಯ ಕಾಲಂ ಮಾತ್ರ ಅಗಲವಾಗಿರಲಿ. ಬರೆಯುವ ಕೆಲಸವನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಕೊಡಿ. ಅವರು ಬರೆಯುತ್ತ ಕೇಳಿಸಿಕೊಳ್ಳುತ್ತಾರೆ.

ರೆಕಾರ್ಡ್ ಮಾಡುವ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ಒಮ್ಮೆ ಸದಸ್ಯೆಯೊಬ್ಬರು ಫಣಿಯಮ್ಮನ ಬಗ್ಗೆ ಹೇಳುತ್ತ ಹೇಳುತ್ತ ತಮ್ಮ ಅತ್ತಿಗೆಯ ಕಥೆಗೆ ಹೊರಳಿದ್ದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿ, ಸಂಜೆಯೊಳಗೆ ಆ ಅತ್ತಿಗೆಯ ಮನೆಯಲ್ಲಿ ರಂಪವಾಗಿತ್ತು. ಹಾಡು ಮತ್ತು ತಾಳಮದ್ದಲೆಯ ಮಾತನ್ನು ಹೇಳಿದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬಹುದು, ಉಳಿದದ್ದು ಬೇಡ. ಮನೆಯವರ ವಿಷಯ ಬಂದರೆ ಬರೆಯುವ ಹುಡುಗಿ ಪೆನ್ನು ಕೆಳಗಿಡುತ್ತಾಳೆ, ಹಾಗೆಂದು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದೇವೆ.

ಮಾತಾಡಲು ಇಷ್ಟವಿಲ್ಲದವರು ಕೇಳುತ್ತ ಕೂರಲಿ. ಒತ್ತಾಯ ಮಾಡಬೇಡಿ, ವರ್ಷವಾದರೂ ಸರಿ. ಸಂಜೆಯ ಬಸ್ಸಿನ ಹೊತ್ತಾಗಿ ಸರದಿ ತಪ್ಪಿದವರ ಹೆಸರನ್ನು ಮಾತ್ರ ಮುಂದಿನ ಹಾಳೆಯ ತಲೆಯಲ್ಲಿ ಅಂದೇ ಬರೆದಿಡಿ, ಮುಂದಿನ ತಿಂಗಳು ಅವರಿಂದಲೇ ಶುರುವಾಗಲಿ.